ಆಫ್ರಿಕನ್ ಚಿಲ್ಡ್ರನ್ಸ್ ಕಾಯರ್

ಉಗಾಂಡದ ಅಂತರ್ಯುದ್ಧದ ದಿನಗಳಲ್ಲಿ, 1984ರಲ್ಲಿ, ರೇ ಬಾರ್ನೆಟ್ ಕಟ್ಟಿದ ಮಕ್ಕಳ ಗಾಯನ ತಂಡ. ಇದರಲ್ಲಿನ ಅನೇಕ ಮಕ್ಕಳು ತಂದೆಯನ್ನೋ ತಾಯಿಯನ್ನೋ, ಕೆಲವರು ಇಬ್ಬರನ್ನೂ ಕಳೆದುಕೊಂಡವರು. ತರಬೇತಿಯ ನಂತರ ಉತ್ತರ ಅಮೆರಿಕ, ಬ್ರಿಟನ್ ಮೊದಲಾದೆಡೆ ತಿಂಗಳುಗಟ್ಟಲೆ ಪ್ರವಾಸ. ಬಣ್ಣದ ಉಡುಪು ತೊಟ್ಟ ಪುಟ್ಟ ಮಕ್ಕಳು ಡೋಲು ಬಡಿಯುತ್ತ, ಕುಣಿಯುತ್ತ ಸುವಾರ್ತಾ ಗೀತೆಗಳನ್ನೂ ಆಫ್ರಿಕದ ಹಾಡುಗಳನ್ನೂ ಹಾಡುತ್ತಾರೆ. ಹೆಚ್ಚಿನ ಕಾರ್ಯಕ್ರಮಗಳು ಚರ್ಚುಗಳಲ್ಲಿ. ರಾತ್ರಿ ವಾಸ್ತವ್ಯ ಹಲವೆಡೆ ಸ್ಥಳೀಯ ಕುಟುಂಬಗಳ ಮನೆಗಳಲ್ಲಿ. ಪ್ರವಾಸದ ನಡುವೆಯೂ ಪಾಠ ನಡೆಯುತ್ತದೆ. ದೂರದ ಕೇಳುಗರನ್ನು ದೀರ್ಘಕಾಲದ ಪೋಷಕರನ್ನಾಗಿಸುವುದು ಆ ಕುಟುಂಬಗಳೊಂದಿಗಿನ ಒಡನಾಟವೇ. ಸಂಗ್ರಹವಾದ ಹಣ ‘ಮ್ಯೂಸಿಕ್ ಫಾರ್ ಲೈಫ್’ ಸಂಸ್ಥೆಯ ಮೂಲಕ ಆಫ್ರಿಕದ ಮಕ್ಕಳ ಶಿಕ್ಷಣಕ್ಕೆ ಸಲ್ಲುತ್ತದೆ. 2005ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಲೈವ್ 8 ಸಂಗೀತ ಕಾರ್ಯಕ್ರಮದ ವೇದಿಕೆಯಲ್ಲಿ ತಂಡ ಗಾಯಕಿ ಮರಾಯಾ ಕ್ಯಾರಿ ಜೊತೆ ಹಾಡಿತು. ಮಕ್ಕಳ ನೋವನ್ನಲ್ಲ, ಅವರ ಪ್ರತಿಭೆಯನ್ನು ಮುಂದಿಟ್ಟು ನೆರವು ಕೇಳುವ ಕ್ರಮ ಇದರ ನಿಜವಾದ ಹಿರಿಮೆ.