ದೂರದರ್ಶಕ ಕನ್ನಡಿಯ ಆಧಾರ ವ್ಯವಸ್ಥೆ

ಪ್ರತಿಫಲಕ ದೂರದರ್ಶಕದ ಮುಖ್ಯ ಕನ್ನಡಿಯು ತನ್ನ ತೂಕಕ್ಕೆ ತಾನೇ ಬಾಗಿ ಬಿಂಬ ಕೆಡದಂತೆ ಅದನ್ನು ಹೊತ್ತು ನಿಲ್ಲುವ ಯಾಂತ್ರಿಕ ರಚನೆಗೆ ಆಧಾರ ವ್ಯವಸ್ಥೆ ಎಂದು ಹೆಸರು. ಬಿಂಬ ಸ್ಫುಟವಾಗಿ ಮೂಡಬೇಕಾದರೆ ಕನ್ನಡಿಯ ಮೈ ಉದ್ದೇಶಿತ ಆಕಾರದಿಂದ ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ಆದರೆ ದಪ್ಪ ಅಷ್ಟೇ ಇದ್ದು ಅಗಲ ಇಮ್ಮಡಿಯಾದರೆ ಬಾಗು 16 ಪಟ್ಟಾಗುತ್ತದೆ.

ಮೊದಲ ಪರಿಹಾರ ಕನ್ನಡಿಯನ್ನು ದಪ್ಪಗೊಳಿಸುವುದೇ ಆಗಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ 1789ರಲ್ಲಿ ಪೂರೈಸಿದ 40 ಅಡಿ ಉದ್ದದ ದೂರದರ್ಶಕಕ್ಕೆಂದು ತಾಮ್ರ, ತವರ ಬೆರೆಸಿ ಎರಕ ಹೊಯ್ದ ಮೊದಲ ಕನ್ನಡಿ ತೆಳುವಾಗಿ ಆಕಾರ ಉಳಿಸಿಕೊಳ್ಳದೆ ಹೋದುದರಿಂದ, ಹೆಚ್ಚು ದಪ್ಪದ ಇನ್ನೊಂದನ್ನು ಎರಕ ಹೊಯ್ಯಬೇಕಾಯಿತು. ನಿಜವಾದ ಉಪಾಯ ಹೊಳೆದದ್ದು ಡಬ್ಲಿನ್‌ನ ಥಾಮಸ್ ಗ್ರಬ್‌ಗೆ. ಗಾಡಿಗೆ ಕಟ್ಟಿದ ಕುದುರೆಗಳ ನಡುವೆ ಎಳೆತವನ್ನು ಸಮನಾಗಿ ಹಂಚುವ ಅಡ್ಡಕೋಲಿನ ತತ್ತ್ವವನ್ನೇ ಹೋಲುವ ಅವನ ಸನ್ನೆಗಳ ಜೋಡಣೆಯಲ್ಲಿ, ಒಂದು ಸನ್ನೆಯ ತುದಿಗಳು ಮತ್ತೆ ಬೇರೆ ಸನ್ನೆಗಳನ್ನು ಹೊತ್ತು, ಕನ್ನಡಿಯ ಭಾರ ಎಲ್ಲ ಆಧಾರಗಳ ಮೇಲೂ ತಾನಾಗಿಯೇ ಹಂಚಿಹೋಗುತ್ತಿತ್ತು. ಐರ್ಲೆಂಡಿನ ಬರ್ ಕೋಟೆಯಲ್ಲಿ 1845ರಲ್ಲಿ ಲಾರ್ಡ್ ರಾಸ್ ನಿಲ್ಲಿಸಿದ 72 ಅಂಗುಲದ ದೂರದರ್ಶಕದಲ್ಲಿ, ಹಲವು ಟನ್ ತೂಕದ ಕನ್ನಡಿ ಹೀಗೆ 27 ಚಿಕ್ಕ ಫಲಕಗಳ ಮೇಲೆ ಕೂತಿತ್ತು.

ಕನ್ನಡಿಯ ಜೊತೆಗೆ ಕೊಳವೆಯೂ ಬಾಗುತ್ತದೆ. ಕ್ಯಾಲಿಫೋರ್ನಿಯದ ಪಾಲೊಮರ್ ಬೆಟ್ಟದ 200 ಅಂಗುಲದ ದೂರದರ್ಶಕಕ್ಕಾಗಿ ಮಾರ್ಕ್ ಸೆರೂರಿಯೆ 1930ರ ದಶಕದಲ್ಲಿ ರೂಪಿಸಿದ ಚೌಕಟ್ಟು ಈ ಇತಿಹಾಸದ ಅತ್ಯಂತ ಜಾಣ ಕಲ್ಪನೆ ಎನ್ನಬಹುದು: ನಡುವಿನ ಗಟ್ಟಿ ಪೆಟ್ಟಿಗೆಯಿಂದ ತ್ರಿಕೋನಾಕಾರದ ತೊಲೆಗಳು ಎರಡೂ ಕಡೆಗೆ ಚಾಚಿಕೊಂಡು, ಒಂದು ತುದಿಯ ಕನ್ನಡಿಯೂ ಇನ್ನೊಂದು ತುದಿಯ ಉಪಕರಣಗಳೂ ಓರೆಯಾಗದೆ ಒಂದೇ ಪ್ರಮಾಣದಲ್ಲಿ ಕೆಳಗಿಳಿಯುವುದರಿಂದ, ಅವುಗಳ ನಡುವಣ ನೇರ ಕೆಡುವುದಿಲ್ಲ. ಬಾಗನ್ನು ತಡೆಯುವ ಹಟ ಇಲ್ಲಿಗೆ ಸಡಿಲಿತು. ದಪ್ಪ ಕನ್ನಡಿಯ ದಾರಿ ಮಾತ್ರ 1975ರಲ್ಲಿ ಸೋವಿಯತ್ ಒಕ್ಕೂಟದ 6 ಮೀಟರ್ ದೂರದರ್ಶಕದವರೆಗೂ ನಡೆಯಿತು. ಅದರ ಗಾಜೇ ಸುಮಾರು 42 ಟನ್ ತೂಗುತ್ತಿತ್ತು.

ಇದಕ್ಕೆ ವಿರುದ್ಧವಾಗಿ, ಚಿಲಿಯ ಲಾ ಸಿಲ್ಯಾದಲ್ಲಿ 1989ರಲ್ಲಿ ಕಣ್ತೆರೆದ 3.58 ಮೀಟರ್ ದೂರದರ್ಶಕಕ್ಕೆ ರೇಮಂಡ್ ವಿಲ್ಸನ್ 24 ಸೆಂಟಿಮೀಟರ್ ದಪ್ಪದ ಕನ್ನಡಿಯನ್ನೇ ಸಾಕೆಂದು ಆರಿಸಿ, ಬಿಂಬವನ್ನು ಅಳೆದು ಹಿಂಬದಿಯ ಆಧಾರಗಳ ಒತ್ತಡವನ್ನು ಆಗಾಗ ತಿದ್ದುವ ಏರ್ಪಾಡು ಮಾಡಿದನು. ಪರೀಕ್ಷಾ ಉಪಕರಣದಲ್ಲಿ ಮಸೂರಗಳ ಅಂತರ ತಪ್ಪಿದ್ದರಿಂದ ಈ ಕನ್ನಡಿಯನ್ನೂ ತಪ್ಪು ಆಕಾರಕ್ಕೇ ಉಜ್ಜಲಾಗಿತ್ತಾದರೂ, ಆಧಾರಗಳನ್ನು ಹೊಂದಿಸಿದ ಮಾತ್ರಕ್ಕೆ ದೋಷ ನೀಗಿತು; ಆದರೆ 1.3 ಮಿಲಿಮೀಟರಿನ ಅಂಥದೇ ತಪ್ಪಿಗೆ ಹಬಲ್ ಬಾಹ್ಯಾಕಾಶ ದೂರದರ್ಶಕ 1993ರಲ್ಲಿ ಗಗನಯಾನಿಗಳು ಬರುವ ತನಕ ಕಾಯಬೇಕಾಯಿತು.

ಇನ್ನೊಂದು ದಾರಿಯಾದ, ಕನ್ನಡಿಯನ್ನು ತುಂಡುಗಳಿಂದ ಜೋಡಿಸುವ ಕ್ರಮ ಹವಾಯಿಯ ಕೆಕ್ ದೂರದರ್ಶಕದಿಂದ ನೆಲೆಗೊಂಡಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಭಾರತವೂ ಪಾಲುಗೊಂಡಿರುವ 30 ಮೀಟರ್ ದೂರದರ್ಶಕ ಯೋಜನೆಯಲ್ಲಿ ಇಂಥ 492 ಷಟ್ಕೋನ ತುಂಡುಗಳಿದ್ದು, ಪ್ರತಿಯೊಂದನ್ನೂ ಹಿಂದಿನಿಂದ ಹೊರುವುದು ಸನ್ನೆಗಳ ಜೋಡಣೆಯೇ. ಲಾರ್ಡ್ ರಾಸ್‌ನ ಕನ್ನಡಿಯಂತೆ ಅದರ ಆಧಾರಬಿಂದುಗಳೂ 27.