ನಾಯಿ ಮತ್ತು ಬೆಕ್ಕುಗಳಲ್ಲಿ ನರಸಂಬಂಧಿ ಲಕ್ಷಣಗಳು: ರೋಗ ಗುರುತಿಸುವ ಕ್ರಮ

ಜೊಲ್ಲು ಸುರಿಯುವುದು, ನಡುಕ, ಸೆಳವು ಹಾಗೂ ತೂರಾಟವು ವಿಷಬಾಧೆ, ಡಿಸ್ಟೆಂಪರ್ ಮತ್ತು ಹುಚ್ಚುನಾಯಿ ರೋಗ (ರೇಬೀಸ್) ಮೂರರಲ್ಲಿಯೂ ಕಂಡುಬರಬಹುದು. ಲಕ್ಷಣಗಳು ಎಷ್ಟು ಬೇಗ, ಯಾವ ಕ್ರಮದಲ್ಲಿ ಕಾಣಿಸಿಕೊಂಡವು ಎಂಬುದೇ ರೋಗಪತ್ತೆಯ ಮೊದಲ ಆಧಾರ.

ಕೀಟನಾಶಕ ವಿಷಬಾಧೆ: ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕ ಹೊಟ್ಟೆ ಸೇರಿದರೆ ಕೆಲವು ನಿಮಿಷ ಅಥವಾ ಗಂಟೆಗಳಲ್ಲಿಯೇ ವಾಂತಿ, ಭೇದಿ, ಸ್ನಾಯುಗಳ ಅದುರುವಿಕೆ ಉಂಟಾಗಿ, ಕಣ್ಣಿನ ಪಾಪೆ ಕುಗ್ಗುತ್ತದೆ. ನಾಯಿಯ ಉಣ್ಣೆಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಡಿಸ್ಟೆಂಪರ್: ಲಸಿಕೆ ಹಾಕಿಸದ ನಾಯಿಮರಿಗಳಲ್ಲಿ ಹೆಚ್ಚು. ಸಾಮಾನ್ಯವಾಗಿ ಮೊದಲು ಜ್ವರ, ಕಣ್ಣು-ಮೂಗಿನ ಸ್ರಾವ, ಭೇದಿ. ದಿನಗಳು ಅಥವಾ ವಾರಗಳ ನಂತರ ಸೆಳವು ಮತ್ತು ಜಗಿಯುವಂತೆ ದವಡೆಯ ಚಲನೆ.

ರೇಬೀಸ್: ಸ್ವಭಾವ ಹಾಗೂ ಧ್ವನಿಯಲ್ಲಿ ಬದಲಾವಣೆ, ಜೋತುಬಿದ್ದ ದವಡೆ, ಲಕ್ವ, ಸಾಮಾನ್ಯವಾಗಿ 10 ದಿನಗಳೊಳಗೆ ಸಾವು. ಕೆರಳದೆ ಮಂಕಾಗಿ ಮೂಲೆ ಸೇರುವ ಪ್ರಾಣಿಯೂ ಅಷ್ಟೇ ಅಪಾಯಕಾರಿ.

ಅನುಸರಿಸಬೇಕಾದ ಕ್ರಮಗಳು:
- ರೇಬೀಸ್ ಅಲ್ಲವೆಂದು ಪಶುವೈದ್ಯರು ಹೇಳುವವರೆಗೆ ರೇಬೀಸ್ ಎಂದೇ ಭಾವಿಸಬೇಕು.
- ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬಾರದು.
- ಪ್ರಾಣಿಯನ್ನು ಪ್ರತ್ಯೇಕವಾಗಿ ಕೂಡಿಹಾಕಿ, ಪಶುವೈದ್ಯರಿಗೆ ಕೂಡಲೇ ತಿಳಿಸಬೇಕು. ವಿಷದ ಶಂಕೆಯಿದ್ದರೆ ಕೀಟನಾಶಕದ ಡಬ್ಬಿಯನ್ನು ತೋರಿಸಬೇಕು.
- ಕಚ್ಚಿದರೆ, ಪರಚಿದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಯಲ್ಲಿ ಲಸಿಕೆ ಪಡೆಯಬೇಕು.
- ಪ್ರಾಣಿ ಸತ್ತರೆ ಹೂಳುವ ಮುನ್ನ ಪಶುವೈದ್ಯರಿಗೆ ತಿಳಿಸಬೇಕು. ಮಿದುಳಿನ ಪರೀಕ್ಷೆಯಿಂದ ಮಾತ್ರ ರೇಬೀಸ್ ಖಚಿತವಾಗುತ್ತದೆ.

ನಾಯಿ, ಬೆಕ್ಕುಗಳಿಗೆ 3 ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರ ಸಲಹೆಯಂತೆ ಮುಂದುವರಿಸಬೇಕು.