ನಿಲ್ಲುವ ಗಾಡಿಗೆ ನೂರೆಂಟು ಕಟ್ಟಳೆ

ರಾತ್ರಿ ಹತ್ತು ಹೊಡೆದ ಮೇಲೆ ಊರು ಮಲಗುತ್ತದೆಂಬುದು ಮನೆಯಲ್ಲಿ ಮಲಗುವವರ ಮಾತು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು, ರೈಲ್ವೆಯ ರಾತ್ರಿ ಪಾಳಿಯವನು, ಗಸ್ತು ತಿರುಗುವ ಪೊಲೀಸಿನವನು, ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತವನು, ಇವರಿಗೆಲ್ಲ ನಡುರಾತ್ರಿಯೇ ನಡುಹಗಲು. ಹಸಿವಿಗೆ ಗಡಿಯಾರ ನೋಡುವ ಅಭ್ಯಾಸವಿಲ್ಲವಷ್ಟೆ. ಇಂಥವರ ಹಸಿವನ್ನು ತಣಿಸಲೆಂದು ಹುಟ್ಟಿದ್ದು ಚಕ್ರದ ಮೇಲಿನ ಊಟದಂಗಡಿ. ಇಂದು ದೊಡ್ಡ ಊರುಗಳಲ್ಲಿ ಬಣ್ಣ ಬಳಿದುಕೊಂಡು ನಿಲ್ಲುವ ಫುಡ್ ಟ್ರಕ್ಕಿಗೆ ಅದೇ ಮೂಲಪುರುಷ.

ಈ ಗಾಡಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ತಿಂಡಿಯ ರುಚಿಯನ್ನು ಕುರಿತು ಬರೆಯುತ್ತಾರೆ. ಆದರೆ ಗಾಡಿಯ ಹಣೆಬರಹವನ್ನು ತಿದ್ದುತ್ತ ಬಂದದ್ದು ನಗರಸಭೆಗಳ ಕಟ್ಟಳೆಗಳು. ಒಲೆ ಹೇಗಿರಬೇಕು, ನೀರು ಹೇಗಿರಬೇಕು ಎಂಬ ನಿಯಮಗಳನ್ನು ಗಾಡಿಯವನು ಗೊಣಗುತ್ತಲಾದರೂ ಪಾಲಿಸಿದ್ದಾನೆ. ಅವನಿಗೂ ನಗರಕ್ಕೂ ನೂರೈವತ್ತು ವರ್ಷಗಳಿಂದ ಬಗೆಹರಿಯದೆ ಉಳಿದಿರುವ ವ್ಯಾಜ್ಯ ಬೇರೊಂದು: ಗಾಡಿ ಎಲ್ಲಿ ನಿಲ್ಲಬೇಕು? ಎಷ್ಟು ಹೊತ್ತು ನಿಲ್ಲಬೇಕು? ಈ ವ್ಯಾಜ್ಯದ ಮುಖ್ಯ ಕಾಂಡಗಳು ನಡೆದದ್ದು ಅಮೆರಿಕದಲ್ಲಿ. ಅಲ್ಲಿಗೇ ಹೋಗಿ ನೋಡೋಣ.

ಅಮೆರಿಕದ ಪೂರ್ವ ತೀರದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಪ್ರಾವಿಡೆನ್ಸ್ ಎಂಬ ನಗರವಿದೆ. ಅಲ್ಲಿ ಅಚ್ಚುಕೂಟದ ಕೆಲಸ ಬಲ್ಲ ವಾಲ್ಟರ್ ಸ್ಕಾಟ್ ಎಂಬೊಬ್ಬನಿದ್ದ. ಅದೇ ಹೆಸರಿನ ಕಾದಂಬರಿಕಾರನಿಗೂ ಇವನಿಗೂ ಯಾವ ನಂಟೂ ಇಲ್ಲ. ಇವನು ಬಿಡುವಿನ ವೇಳೆಯಲ್ಲಿ ಬುಟ್ಟಿಯಲ್ಲಿ ತಿಂಡಿ, ಕಾಫಿ ಹೊತ್ತು ರಾತ್ರಿ ಕೆಲಸದವರಿಗೆ ಮಾರುತ್ತಿದ್ದ. ಸಂಜೆ ಕಳೆದರೆ ಊರಿನ ಹೋಟೆಲುಗಳು ಬಾಗಿಲು ಹಾಕುತ್ತಿದ್ದುದರಿಂದ ವ್ಯಾಪಾರಕ್ಕೆ ಕೊರತೆಯಿರಲಿಲ್ಲ. ೧೮೭೨ರಲ್ಲಿ ಅವನು ಅಚ್ಚುಕೂಟದ ಕೆಲಸವನ್ನು ಬಿಟ್ಟು, ಒಂದು ಮುಚ್ಚಿದ ಕುದುರೆಗಾಡಿಗೆ ಕಿಟಕಿ ಕೊರೆಸಿ, ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆಯ ಕಚೇರಿಯ ಮುಂದೆ ತಂದು ನಿಲ್ಲಿಸಿದ. ತಾನು ಗಾಡಿಯೊಳಗೆ; ಗಿರಾಕಿ ಬೀದಿಯಲ್ಲಿ. ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಬಿಸಿ ಕಾಫಿ ಕಿಟಕಿಯಿಂದ ಹೊರಕ್ಕೆ. ಚಿಲ್ಲರೆ ಕಾಸು ಕಿಟಕಿಯಿಂದ ಒಳಕ್ಕೆ. ಇಂದಿನ ಫುಡ್ ಟ್ರಕ್ಕಿನ ವ್ಯವಹಾರವೂ ಇಷ್ಟೇ ಅಲ್ಲವೆ?

ಆದರೆ ಆ ದೇಶದ ಚಳಿಯಲ್ಲಿ, ಮಳೆಯಲ್ಲಿ, ಬೀದಿಯಲ್ಲಿ ನಿಂತು ತಿನ್ನುವುದು ಸುಖದ ಕೆಲಸವಲ್ಲ. ೧೮೮೭ರಲ್ಲಿ ವೂಸ್ಟರ್ ನಗರದಲ್ಲಿ ಸ್ಯಾಮ್ಯುಯೆಲ್ ಜೋನ್ಸ್ ಎಂಬಾತ ಗಿರಾಕಿಗಳೇ ಒಳಗೆ ಬಂದು ನಿಲ್ಲಬಹುದಾದಷ್ಟು ದೊಡ್ಡ ಗಾಡಿಯನ್ನು ಹೊರತಂದ. ಅಲ್ಲಿಂದ ಮುಂದೆ ಗಾಡಿ ಕಟ್ಟುವುದೇ ಒಂದು ಕೈಗಾರಿಕೆಯಾಯಿತು. ಬಣ್ಣದ ಗಾಜಿನ ಕಿಟಕಿಗಳೂ ಚಿತ್ತಾರದ ಗೋಡೆಗಳೂ ಬಂದವು. ೧೮೯೩ರಲ್ಲಿ ನ್ಯೂಯಾರ್ಕಿನ ಚರ್ಚ್ ಟೆಂಪರೆನ್ಸ್ ಸೊಸೈಟಿ ಎಂಬ ಪಾನವಿರೋಧಿ ಸಂಸ್ಥೆ ತಾನೂ ಇಂಥ ಗಾಡಿಗಳನ್ನು ಬೀದಿಗಿಳಿಸಿತು. ಕೂಲಿಕಾರನಿಗೆ ಅಗ್ಗದ ಬಿಸಿಯೂಟ ಸಿಕ್ಕಿದರೆ ಅವನು ಹೆಂಡದಂಗಡಿಯ ಕಡೆ ತಿರುಗಲಾರನೆಂಬುದು ಆ ಸಜ್ಜನರ ಲೆಕ್ಕ.

ಗಾಡಿಗಳು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. ರಾತ್ರಿ ಬಂದ ಗಾಡಿ ಬೆಳಗಾದರೂ ಕದಲುವುದಿಲ್ಲ. ಹಗಲಿನ ಸಂಚಾರಕ್ಕೆ ಅಡ್ಡ. ಬಾಡಿಗೆ ಕೊಟ್ಟು ಹೋಟೆಲು ನಡೆಸುವವನ ಬಾಯಿಗೆ ಮಣ್ಣು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರಾವಿಡೆನ್ಸ್ ಮೊದಲಾದ ಊರುಗಳು ಒಂದು ನಿಯಮ ಮಾಡಿದವು: ಬೆಳಗಿನ ಹತ್ತು ಗಂಟೆಯೊಳಗೆ ಊಟದ ಗಾಡಿಗಳೆಲ್ಲ ಬೀದಿಯನ್ನು ಬಿಟ್ಟು ತೊಲಗಬೇಕು.

ಕಟ್ಟಳೆ ಮಾಡಿದವರು ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಬೀದಿಯಲ್ಲಿ ನಿಂತರೆ ತಾನೆ ಹತ್ತು ಗಂಟೆಯ ಗೊಡವೆ? ಗಾಡಿಯವರು ಮಗ್ಗುಲಲ್ಲಿದ್ದ ಖಾಲಿ ನಿವೇಶನಗಳನ್ನು ಗೇಣಿಗೆ ಹಿಡಿದು, ಗಾಡಿಯನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಊರಿಬಿಟ್ಟರು. ನೀರಿನ ಕೊಳಾಯಿ ಬಂತು, ದೀಪದ ತಂತಿ ಬಂತು. ಇತ್ತ ವಿದ್ಯುತ್ ಟ್ರಾಮುಗಳು ಬಂದು ಕುದುರೆ ಟ್ರಾಮಿನ ಹಳೆಯ ಡಬ್ಬಿಗಳು ಅಗ್ಗಕ್ಕೆ ಬಿಕರಿಯಾಗುತ್ತಿದ್ದವು; ಅವನ್ನು ಕೊಂಡು ಊಟದಂಗಡಿ ಮಾಡಿದವರೂ ಉಂಟು. ಕ್ರಮೇಣ ಕಾರ್ಖಾನೆಗಳು ರೈಲು ಡಬ್ಬಿಯ ಆಕಾರದ ಅಂಗಡಿಗಳನ್ನು ಸಿದ್ಧಮಾಡಿ ಕಳಿಸತೊಡಗಿದವು. ರೈಲಿನ ಡೈನಿಂಗ್ ಕಾರಿನ ನೆನಪಿನಿಂದ ಅವಕ್ಕೆ 'ಡೈನರ್' ಎಂಬ ಹೆಸರು ನಿಂತಿತು. ಹಾಲಿವುಡ್ ಚಿತ್ರಗಳಲ್ಲಿ ನಾವು ಮತ್ತೆ ಮತ್ತೆ ನೋಡುವ, ಉದ್ದನೆಯ ಕಟ್ಟೆಯ ಮುಂದೆ ಎತ್ತರದ ಪೀಠಗಳಿಟ್ಟ ಆ ಡೈನರ್ ಹುಟ್ಟುವುದಕ್ಕೆ ಗಾಡಿ ನಿಲ್ಲಿಸಬಾರದೆಂಬ ಕಟ್ಟಳೆಯೂ ಒಂದು ಕಾರಣ. ಗಾಡಿಯನ್ನು ಓಡಿಸಲು ಹೋಗಿ ನಗರಸಭೆಗಳು ಅದನ್ನು ಶಾಶ್ವತವಾಗಿ ನೆಲಕ್ಕೆ ಕೂರಿಸಿದುವು!

ಅದೇ ಪ್ರಾವಿಡೆನ್ಸಿನಲ್ಲಿ ಒಂದು ಗಾಡಿ ಮಾತ್ರ ನೆಲ ಕಚ್ಚಲು ಒಪ್ಪಲಿಲ್ಲ. ಹೇವನ್ ಬ್ರದರ್ಸ್ ಎಂಬ ಆ ಗಾಡಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರಂಭವಾದದ್ದು. ಮೊದಲು ಕುದುರೆ, ಆಮೇಲೆ ಮೋಟಾರು ಎಳೆಯುತ್ತಿದ್ದ ಅದು ನೂರು ವರ್ಷಕ್ಕೂ ಮೀರಿ ಸಂಜೆ ಬಂದು, ರಾತ್ರಿಯೆಲ್ಲ ವ್ಯಾಪಾರ ಮಾಡಿ ಹೋಗುವ ಪದ್ಧತಿಯನ್ನು ನಡೆಸಿತು. ಅದು ನಿಲ್ಲುತ್ತಿದ್ದ ಜಾಗವಾದರೂ ಯಾವುದು? ನಗರಸಭೆಯ ಕಟ್ಟಡದ ಮಗ್ಗುಲು! ಕಟ್ಟಳೆ ಬರೆಯುವವರಿಗೂ ರಾತ್ರಿ ಹಸಿವಾಗುತ್ತಿದ್ದಿರಬೇಕು.

ಡೆಟ್ರಾಯಿಟ್ ನಗರದ ಕಥೆಯನ್ನು ಓದುವಾಗ ನಗುವುದೋ ಅಳುವುದೋ ತಿಳಿಯದು. ಹೆನ್ರಿ ಫೋರ್ಡ್ ಇನ್ನೂ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಾಗ ರಾತ್ರಿ ಹೊತ್ತು 'ಔಲ್' ಎಂಬ ಕುದುರೆಗಾಡಿಯ ಬಳಿ ಹೋಗಿ ತಿನ್ನುತ್ತಿದ್ದ. ಔಲ್ ಎಂದರೆ ಗೂಬೆ. ರಾತ್ರಿಯ ಗಾಡಿಗೆ ತಕ್ಕ ಹೆಸರು. ಮುಂದೆ ಅದೇ ಫೋರ್ಡನ ಮೋಟಾರುಗಳು ಬೀದಿಗಳನ್ನು ತುಂಬಿದವು, ಕುದುರೆಗಾಡಿಗಳಿಗೆ ಜಾಗವಿಲ್ಲವಾಯಿತು. ೧೯೨೭ರಲ್ಲಿ ನಗರ ಅವನ್ನು ಬೀದಿಯಿಂದ ತೆಗೆಸಿದಾಗ ಫೋರ್ಡ್ ತನ್ನ ಹಳೆಯ ಅನ್ನದಾತನಾದ ಆ ಗಾಡಿಯನ್ನು ಕೊಂಡು ತಾನು ಕಟ್ಟಿಸುತ್ತಿದ್ದ ಗ್ರೀನ್‌ಫೀಲ್ಡ್ ವಿಲೇಜ್ ವಸ್ತುಸಂಗ್ರಹಾಲಯದಲ್ಲಿರಿಸಿದ.

ಬೀದಿಯ ಮೇಲೆ ಉಳಿದವರನ್ನು ಹಿಡಿತದಲ್ಲಿಡಲು ನಗರಗಳು ಮೂರು ಉಪಾಯಗಳನ್ನು ಕಂಡುಕೊಂಡವು. ಒಂದು, ಗಾಡಿಗಳನ್ನು ಎಣಿಸುವುದು. ಎರಡು, ನಿಲ್ಲುವ ಹೊತ್ತನ್ನು ಅಳೆಯುವುದು. ಮೂರು, ನಿಲ್ಲುವ ಜಾಗದ ದೂರವನ್ನು ಅಳೆಯುವುದು.

ಎಣಿಸುವ ಉಪಾಯದ ತವರು ನ್ಯೂಯಾರ್ಕ್. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿನ ಹೆಸ್ಟರ್ ಬೀದಿಯಲ್ಲಿ ಹೊಸದಾಗಿ ಹಡಗಿಳಿದು ಬಂದ ಯೆಹೂದ್ಯರು, ಇಟಲಿಯವರು ತಳ್ಳುಗಾಡಿಗಳ ಸಂತೆಯನ್ನೇ ನೆರೆಸಿದ್ದರು. ಒಂದೇ ಜಾಗದಲ್ಲಿ ಮೂವತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂಬ ನಿಯಮವಿತ್ತು. ಆದರೆ ಮುಂದಕ್ಕೆ ಸರಿಯಲು ಮುಂದೆ ಜಾಗವಿರಬೇಡವೆ? ನಿಯಮ ಕಾಗದದಲ್ಲಿತ್ತು, ಗಾಡಿ ಇದ್ದಲ್ಲೇ ಇತ್ತು. ನಡುವೆ ಪೊಲೀಸಿನವನ ಕೈ ಬೆಚ್ಚಗಾಗುತ್ತಿತ್ತು. ೧೯೩೦ರ ದಶಕದಲ್ಲಿ ಮೇಯರ್ ಲಾ ಗಾರ್ಡಿಯಾ ಈ ವ್ಯಾಪಾರಿಗಳನ್ನು ಬೀದಿಯಿಂದೆತ್ತಿ ಸೂರಿನಡಿಯ ಮಾರುಕಟ್ಟೆಗಳಿಗೆ ಸೇರಿಸತೊಡಗಿದ. ೧೯೩೬ರಲ್ಲಿ ಪಾರ್ಕ್ ಅವೆನ್ಯೂ ಮಾರುಕಟ್ಟೆ, ೧೯೪೦ರಲ್ಲಿ ಎಸೆಕ್ಸ್ ಬೀದಿಯ ಮಾರುಕಟ್ಟೆ ತೆರೆದುವು. ಆದರೆ ಒಳಗೆ ಎಲ್ಲರಿಗೂ ಜಾಗ ಸಿಗಲಿಲ್ಲ.

೧೯೮೩ರಲ್ಲಿ ಆ ನಗರ ಆಹಾರದ ಗಾಡಿಗಳ ಪರ್ಮಿಟ್ಟಿಗೆ ಮಿತಿ ಹಾಕಿತು: ಇಡೀ ನಗರಕ್ಕೆ ೩,೦೦೦. ಊರು ಬೆಳೆಯಿತು, ಜನ ಬೆಳೆದರು, ಅಂಕಿ ಬೆಳೆಯಲಿಲ್ಲ. ಸಿಗದ ವಸ್ತುವಿಗೆ ಕಾಳಸಂತೆ ತಪ್ಪಿದ್ದಲ್ಲ. ಎರಡು ವರ್ಷಕ್ಕೆ ೨೦೦ ಡಾಲರು ಶುಲ್ಕದ ಪರ್ಮಿಟ್ಟು ಒಳಗೊಳಗೆ ೨೦,೦೦೦ ಡಾಲರಿಗೆ ಕೈ ಬದಲಾಯಿಸುವ ಮಟ್ಟಕ್ಕೆ ಹೋಯಿತು. ಪರ್ಮಿಟ್ಟು ಒಬ್ಬನ ಹೆಸರಿನಲ್ಲಿ, ಬಿಸಿಲಲ್ಲಿ ನಿಂತು ಬೇಯುವವನು ಇನ್ನೊಬ್ಬ. ಉಳುವವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂಬ ಸಂಗತಿಯನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ೨೦೨೧ರ ಕಾನೂನು ಹತ್ತು ವರ್ಷಗಳಲ್ಲಿ ಸುಮಾರು ನಾಲ್ಕು ಸಾವಿರ ಹೊಸ ಲೈಸೆನ್ಸುಗಳನ್ನು ಹಂತಹಂತವಾಗಿ ಕೊಡಬೇಕೆಂದೂ, ಲೈಸೆನ್ಸು ಪಡೆದವನೇ ಗಾಡಿಯಲ್ಲಿರಬೇಕೆಂದೂ ವಿಧಿಸಿತು. ಮೋಟಾರು ಗಾಡಿಯವರಿಗೆ ಅಷ್ಟರಲ್ಲಿ ಬೇರೊಂದು ಪೆಟ್ಟು ಬಿದ್ದಿತ್ತು. ಮೀಟರು ಹಾಕಿದ ಜಾಗದಲ್ಲಿ ವಾಹನ ನಿಲ್ಲಿಸಿ ಸರಕು ಮಾರಬಾರದೆಂಬ ಹಳೆಯ ನಿಯಮವೊಂದಿತ್ತು. ಅನ್ನವೂ ಸರಕೇ ಎಂದು ೨೦೧೧ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಗಡಿಯಾರ ಹಿಡಿದು ಕಾದಾಡಿದ ಊರು ಲಾಸ್ ಏಂಜಲಿಸ್. ಮೆಕ್ಸಿಕೋ ಮೂಲದವರು ಅಲ್ಲಿ ತಮಾಲೆ ಎಂಬ ಕಡುಬಿನಂಥ ತಿಂಡಿಯನ್ನು ಗಾಡಿಗಳಲ್ಲಿ ಮಾರುತ್ತಿದ್ದುದೂ, ನಗರಸಭೆ ಅವರನ್ನು ಕದಲಿಸಲು ನೋಡಿದ್ದೂ ಶತಮಾನಕ್ಕೂ ಹಿಂದಿನ ಮಾತು. ಅವರ ಉತ್ತರಾಧಿಕಾರಿಗಳು ಟಾಕೊ ಟ್ರಕ್ಕಿನವರು. ೨೦೦೮ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್ ಕೌಂಟಿ ಆಡಳಿತ, ಹೋಟೆಲಿನವರ ದೂರು ಕೇಳಿ, ಒಂದೇ ಕಡೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಂತ ಟ್ರಕ್ಕಿನವನಿಗೆ ೧,೦೦೦ ಡಾಲರುಗಳವರೆಗೆ ಜುಲ್ಮಾನೆ ಅಥವಾ ಆರು ತಿಂಗಳವರೆಗೆ ಸೆರೆ ಎಂದು ವಿಧಿಸಿತು. ಒಂದು ಗಂಟೆ ಎಂದರೆ ಏನು? ಒಲೆ ಹೊತ್ತಿಸಿ, ಹೆಂಚು ಕಾಯಿಸಿ, ಗಿರಾಕಿ ಬರುವ ಹೊತ್ತಿಗೆ ಎಲ್ಲವನ್ನೂ ಕಟ್ಟಿಕೊಂಡು ಹೊರಡಬೇಕು. ಟ್ರಕ್ಕಿನವರ ಜೊತೆಗೆ ತಿನ್ನುವವರೂ ಸಿಡಿದೆದ್ದರು. ಕ್ಯಾಲಿಫೋರ್ನಿಯದ ವಾಹನ ಕಾನೂನಿನ ಪ್ರಕಾರ ಸ್ಥಳೀಯ ಆಡಳಿತಗಳು ಇಂಥ ಗಾಡಿಗಳನ್ನು ನಿಯಂತ್ರಿಸಬಹುದಾದದ್ದು ಸಾರ್ವಜನಿಕ ಸುರಕ್ಷತೆಗಾಗಿ. ಹೋಟೆಲಿನವನ ವ್ಯಾಪಾರ ಕುಂದಿತೆಂಬುದು ಸುರಕ್ಷತೆಯ ಪ್ರಶ್ನೆಯೆ? ಅದೇ ವರ್ಷದ ಆಗಸ್ಟಿನಲ್ಲಿ ನ್ಯಾಯಾಲಯ ಆ ನಿಯಮವನ್ನು ತೊಡೆದುಹಾಕಿತು. ವಸತಿ ಬೀದಿಯಲ್ಲಿ ಮೂವತ್ತು ನಿಮಿಷ, ವ್ಯಾಪಾರದ ಬೀದಿಯಲ್ಲಿ ಒಂದು ಗಂಟೆ ಎಂಬ ನಗರದ ನಿಯಮವೂ ೨೦೦೯ರಲ್ಲಿ ಅದೇ ಹಾದಿ ಹಿಡಿಯಿತು.

ಶಿಕಾಗೋ ನಗರದ ಕೈಗೆ ಬಂದದ್ದು ಅಳತೆಯ ಪಟ್ಟಿ. ೨೦೧೨ರವರೆಗೆ ಅಲ್ಲಿ ಗಾಡಿಯೊಳಗೆ ಅಡಿಗೆ ಮಾಡುವಂತೆಯೇ ಇರಲಿಲ್ಲ. ಬೇರೆಡೆ ಮಾಡಿ ಕಟ್ಟಿದ್ದನ್ನು ಮಾರಬೇಕಿತ್ತು. ಆ ವರ್ಷ ಅಡಿಗೆಗೆ ಅಪ್ಪಣೆ ಸಿಕ್ಕಿತು. ಜೊತೆಗೆ ಬಂದ ಷರತ್ತುಗಳು ಹಲವು: ಯಾವ ಹೋಟೆಲಿನಿಂದಲೂ ೨೦೦ ಅಡಿಯೊಳಗೆ ನಿಲ್ಲಬಾರದು, ಒಂದೆಡೆ ಎರಡು ಗಂಟೆ ಮೀರಬಾರದು, ಗಾಡಿ ಎಲ್ಲಿದೆಯೆಂದು ತಿಳಿಸುವ ಜಿ.ಪಿ.ಎಸ್. ಯಂತ್ರವನ್ನು ಇಟ್ಟುಕೊಂಡಿರಬೇಕು, ತಪ್ಪಿದರೆ ೧,೦೦೦ದಿಂದ ೨,೦೦೦ ಡಾಲರುಗಳ ದಂಡ. ಹೆಜ್ಜೆಗೊಂದು ಹೋಟೆಲಿರುವ ಪೇಟೆಯ ನಡುವೆ ೨೦೦ ಅಡಿಯ ಸುತ್ತು ಹಾಕಿಬಿಟ್ಟರೆ ಉಳಿಯುವ ಜಾಗ ಎಷ್ಟು? ಸಿಹಿ ಕೇಕು ಮಾರುವ ಗಾಡಿಯೊಂದರ ಒಡತಿ ದಾವೆ ಹೂಡಿದಳು. ೨೦೧೯ರ ಮೇ ತಿಂಗಳಲ್ಲಿ ಇಲಿನಾಯ್ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಹೋಟೆಲುಗಳು ಒಂದೆಡೆ ನೆಲೆನಿಂತು, ತೆರಿಗೆ ತೆತ್ತು, ಕೇರಿಗೆ ಸ್ಥಿರತೆ ತರುತ್ತವೆ. ಅವುಗಳ ಹಿತವನ್ನು ಕಾಪಾಡುವುದು ನಗರಕ್ಕೆ ತಪ್ಪಲ್ಲವೆಂದಿತು. ಒಂದೇ ದೇಶ, ಹತ್ತೇ ವರ್ಷದ ಅಂತರ. ಎರಡು ನ್ಯಾಯಾಲಯಗಳ ನೋಟ ಪೂರ್ವಪಶ್ಚಿಮ.

ಹೋಟೆಲಿನವನ ಅಳಲನ್ನು ನಾವು ಹಗುರವಾಗಿ ಕಾಣಬಾರದು. ಅವನು ಮುಂಗಡ ಕಟ್ಟಿದ್ದಾನೆ, ಬಾಡಿಗೆ ತೆರುತ್ತಾನೆ, ಗಿರಾಕಿ ಬರಲಿ ಬಿಡಲಿ ತಿಂಗಳ ಸಂಬಳ ಕೊಡಬೇಕು. ಅವನ ಬಾಗಿಲೆದುರಿಗೇ ಮಧ್ಯಾಹ್ನದ ಎರಡು ಗಂಟೆಯ ಮಟ್ಟಿಗೆ ಗಾಡಿ ಬಂದು ನಿಂತು ಗಿರಾಕಿಗಳನ್ನೆಲ್ಲ ಬಳಿದುಕೊಂಡು ಹೋದರೆ ಹೊಟ್ಟೆ ಉರಿಯದಿರುವುದೆ? ಆದರೆ ಬಾಡಿಗೆ ಕೊಟ್ಟದ್ದು ಮಳಿಗೆಗೆ, ಮುಂದಿನ ಬೀದಿಗಲ್ಲ. ಮಗ್ಗುಲಲ್ಲಿ ಇನ್ನೊಂದು ಹೋಟೆಲು ತೆರೆದರೆ ೨೦೦ ಅಡಿಯ ನಿಯಮ ಅದಕ್ಕೆ ತಗುಲದಷ್ಟೆ. ಚಕ್ರವಿದ್ದವನಿಗೆ ಮಾತ್ರ ಏಕೆ ಈ ಕಟ್ಟು?

ನಮ್ಮ ದೇಶದಲ್ಲಿ ಈ ಪ್ರಶ್ನೆ ಸಂವಿಧಾನದ ಮೆಟ್ಟಿಲನ್ನೇ ಏರಿತು. ೧೯೮೯ರ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬೀದಿಯಲ್ಲಿ ವ್ಯಾಪಾರ ಮಾಡುವುದು ೧೯ನೆಯ ವಿಧಿಯಲ್ಲಿ ಹೇಳಿದ ಮೂಲಭೂತ ಹಕ್ಕಿಗೆ ಸೇರಿದ್ದೆಂದೂ, ಯುಕ್ತ ನಿರ್ಬಂಧಗಳಿಗೆ ಅದು ಒಳಪಟ್ಟಿದೆಯೆಂದೂ ಹೇಳಿತು. ಇದೇ ಜಾಗ ನನ್ನದೆಂದು ಬೀದಿಯ ಒಂದು ತುಂಡಿನ ಮೇಲೆ ಯಾರೂ ಹಕ್ಕು ಸಾಧಿಸುವಂತಿಲ್ಲವೆಂದೂ ಅದೇ ತೀರ್ಪಿನ ಮಾತು. ೨೦೧೪ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಜಾಗ ನಿಶ್ಚಯಿಸುವ ಪಟ್ಟಣ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೇ ನೂರಕ್ಕೆ ನಲವತ್ತರಷ್ಟು ಇರಬೇಕು ಎಂದು ಅದು ವಿಧಿಸಿತು. ಪ್ರಾವಿಡೆನ್ಸಿನಲ್ಲಾಗಲಿ ಹೆಸ್ಟರ್ ಬೀದಿಯಲ್ಲಾಗಲಿ ಕಟ್ಟಳೆ ಬರೆಯುವವರ ಮೇಜಿನ ಸುತ್ತ ಗಾಡಿಯವನಿಗೆ ಕುರ್ಚಿ ಇರಲಿಲ್ಲ. ನಮ್ಮ ಕಾಯಿದೆಯಲ್ಲಿ ಆ ಕುರ್ಚಿ ಇದೆ. ಅದು ಖಾಲಿ ಉಳಿಯದಂತೆ ನೋಡಿಕೊಳ್ಳುವುದು ಊರಿನವರ ಹೊಣೆ.

ಬೆಂಕಿಯ ಭಯ, ಕೊಳಕು ನೀರು, ಆಂಬುಲೆನ್ಸಿನ ದಾರಿ, ಕುರುಡನೊಬ್ಬ ಕೋಲೂರಿ ನಡೆಯುವ ಫುಟ್‌ಪಾತು, ಇವುಗಳಿಗಾಗಿ ಗಾಡಿಯನ್ನು ಸರಿಸಿದರೆ ಆ ಕಟ್ಟಳೆಯನ್ನು ಗಾಡಿಯವನೂ ಒಪ್ಪಬೇಕು. ನೆರೆಯವನ ಗಲ್ಲಾಪೆಟ್ಟಿಗೆಗಾಗಿ ಸರಿಸಿದರೆ ಅದನ್ನು ಸಂಚಾರ ನಿಯಮವೆಂದು ಕರೆಯುವುದು ಸಲ್ಲದು. ಈ ಎರಡನ್ನು ಬೇರ್ಪಡಿಸಿ ನೋಡದ ಊರುಗಳಲ್ಲಿ ಹತ್ತು ಗಂಟೆಯ ನಿಯಮಕ್ಕೆ ಆದ ಗತಿಯೇ ಆಗುತ್ತದೆ: ಗಾಡಿ ಒಂದು ಬೀದಿಯಿಂದ ಮರೆಯಾಗಿ ಇನ್ನೊಂದು ಬೀದಿಯಲ್ಲಿ ತಲೆಯೆತ್ತುತ್ತದೆ. ಅಚ್ಚುಕೂಟದ ರಾತ್ರಿ ಪಾಳಿಯವನಿಗೆ ಹಸಿವಾಗುವುದನ್ನು ಯಾವ ನಗರಸಭೆಯೂ ನಿಷೇಧಿಸಲಾರದಷ್ಟೆ.